ಮೂರು ಚಮಚದ ಚಹಾ

ನನ್ನ ರಕ್ತದಲ್ಲಿ ಠಿಕಾಣಿ ಹೂಡಿರುವ ಸಕ್ಕರೆಯನ್ನು ಮೂರೇ ವಾರದಲ್ಲಿ ಒಕ್ಕಲೆಬ್ಬಿಸುತ್ತೇನೆ ಎಂದು ಹೆಂಡತಿಯ ಎದುರು ಘೋಷಿಸಿದೆ. ನಿಂತ ಗಡಿಯಾರಗಳನ್ನು ಓಡಿಸಿ ಬದುಕುವವನು ನಾನು. ಓಡುವ ಸಕ್ಕರೆಯನ್ನು ನಿಲ್ಲಿಸುವುದು ಯಾವ ಮಹಾ ವಿದ್ಯೆ!

ನಿಜ ಹೇಳಿಬಿಡುತ್ತೇನೆ. ನನಗೆ ಬೇಕಿದ್ದದ್ದು ಆರೋಗ್ಯವಲ್ಲ, ಚಹಾ. ಸಂಜೆ ಅಂಗಡಿ ಮುಚ್ಚಿ ಬಂದಾಗ ಅವಳು ಕೊಡುತ್ತಿದ್ದ, ಎರಡು ಚಮಚ ಸಕ್ಕರೆಯ ಚಹಾ. ಡಾಕ್ಟರು ಬೇಡವೆಂದ ದಿನವೇ ಸಕ್ಕರೆ ಡಬ್ಬಿ ಅಟ್ಟ ಸೇರಿತು. ಎಂಟು ತಿಂಗಳಾದರೂ ನಾನು ಸಪ್ಪೆ ಚಹಾಕ್ಕೆ ಚಮಚ ಹಾಕಿ ಕಲಕುತ್ತಲೇ ಇದ್ದೆ. ನೋಡಲಾರದೆ ಒಂದು ದಿನ ಅವಳು, "ಈ ಸಲದ ಪರೀಕ್ಷೆಯಲ್ಲಿ ಇಳಿದಿದ್ರೆ ಒಂದೇ ಒಂದು ಲೋಟ ಕೊಡ್ತೀನಿ" ಎಂದಳು.

ಪಕ್ಕದ ಅಂಗಡಿಯ ಬೀಗದ ಕೈಯವನು ಮಧುನಾಶಿನಿ ಎಂಬ ಎಲೆಯ ಪುಡಿ ತಂದುಕೊಟ್ಟ. ದಿನಕ್ಕೆ ಅರ್ಧ ಚಮಚ ಎಂದು ಡಬ್ಬಿಯ ಮೇಲಿತ್ತು. ನಾನು ಎರಡು ಚಮಚ ನುಂಗಿದೆ, ಡಾಕ್ಟರ ಮಾತ್ರೆಯ ಜೊತೆಗೇ. ಡಾಕ್ಟರಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಡಬ್ಬಿಯನ್ನು ಕೆಟ್ಟು ಕೂತ ಗೋಡೆ ಗಡಿಯಾರವೊಂದರ ಹೊಟ್ಟೆಯಲ್ಲಿ ಬಚ್ಚಿಟ್ಟೆ.

ಪರೀಕ್ಷೆಯ ಹಿಂದಿನ ದಿನ ಇನ್ನೂ ಹುರುಪು ಬಂತು. ಮಧ್ಯಾಹ್ನದ ಊಟ ಬಿಟ್ಟೆ. ಪುಡಿಯ ಮೇಲೆ ಅದೇ ಗಿಡದ ಒಂದು ಹಿಡಿ ಹಸಿ ಎಲೆಯನ್ನೂ ಜಗಿದೆ. ಸ್ವಲ್ಪ ಹೊತ್ತಿಗೆ ಕೈ ನಡುಗಿ ಸಣ್ಣ ಸ್ಕ್ರೂ ನೆಲಕ್ಕೆ ಬಿತ್ತು. ಬೆವರು ಕಿತ್ತುಕೊಂಡು ಬಂತು. ಔಷಧಿ ಹಿಡಿಯಿತು ಎಂದು ಒಳಗೊಳಗೇ ಹಿಗ್ಗಿದೆ.

ಅಷ್ಟರಲ್ಲಿ ನಾನು ಮನೆಯಲ್ಲೇ ಮರೆತಿದ್ದ ಕನ್ನಡಕ ಹಿಡಿದು ಹೆಂಡತಿ ಬಂದಳು. ನನ್ನ ಮುಖ ನೋಡಿದಳು, ತೆರೆಯದ ಊಟದ ಡಬ್ಬಿ ನೋಡಿದಳು.

"ಏನು ತಿಂದ್ರಿ?"

ನಾನು ಗಡಿಯಾರದ ಕಡೆ ಬೆರಳು ತೋರಿಸಿದೆ. ಅವಳು ಅದರ ಹೊಟ್ಟೆಯಿಂದ ಡಬ್ಬಿ ಹೊರಗೆಳೆದು ಡಾಕ್ಟರಿಗೆ ಫೋನ್ ಮಾಡಿದಳು. ಸಕ್ಕರೆ ತೀರಾ ಇಳಿದಿದೆ, ಈಗಲೇ ಏನಾದರೂ ಸಿಹಿ ಕುಡಿಸಿ ಎಂದರಂತೆ. ಬೀಗದ ಕೈಯವನ ಕೆಟಲಿನಲ್ಲಿ ಚಹಾ ಇತ್ತು. ಓಡಿಹೋಗಿ ತಂದಳು.

"ಮೂರು ಚಮಚ ಹಾಕಿದೀನಿ. ಕುಡೀರಿ."

ಮೂರು! ಎಂಟು ತಿಂಗಳ ಆಸೆಯನ್ನೆಲ್ಲ ತುಟಿಗೆ ತಂದುಕೊಂಡು ಹೀರಿದೆ. ಬರೀ ಬೆಚ್ಚನೆಯ ಸುಣ್ಣದ ನೀರು. ಆ ಎಲೆ ಜಗಿದರೆ ಒಂದು ಗಂಟೆ ನಾಲಿಗೆಗೆ ಸಿಹಿಯೇ ತಿಳಿಯುವುದಿಲ್ಲವೆಂದು ಡಾಕ್ಟರು ಆಮೇಲೆ ಬೈಗುಳದ ನಡುವೆ ಹೇಳಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ನನ್ನದು ಬಾಯಿಗೂ ಬಂತು, ನಾಲಿಗೆಗೆ ಬರಲಿಲ್ಲ.

ನಡುಕ ನಿಂತಿತು. ಅವಳು ಕಣ್ಣೊರೆಸಿಕೊಂಡು, "ಸಿಹಿ ಸರಿಯಾಗಿತ್ತಾ?" ಎಂದಳು. ಆ ಮುಖಕ್ಕೆ ಇಲ್ಲವೆನ್ನುವುದು ಹೇಗೆ? ಬಹಳ ಚೆನ್ನಾಗಿತ್ತು ಎಂದೆ.

ಲೋಟದ ತಳದಲ್ಲಿ ಉಳಿದಿದ್ದ ಗುಟುಕನ್ನು ಅವಳು ಕುಡಿದಳು. ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಹಾಗೇ ನಿಂತಳು.

"ನಾನೂ ಎಂಟು ತಿಂಗಳಾಯ್ತು, ಸಕ್ಕರೆ ಹಾಕ್ಕೊಂಡು ಕುಡಿದು."

ನನಗೆ ಗೊತ್ತೇ ಇರಲಿಲ್ಲ. ಹಾಗಾದರೆ ನಾಳೆ ಇಬ್ಬರೂ ಕೂತು ಆ ಒಂದು ಲೋಟ ಕುಡಿಯೋಣ ಎಂದೆ, ಮೆತ್ತಗೆ.

"ಯಾವ ಲೋಟ?" ಎಂದಳು ಅವಳು. "ಅದನ್ನ ಈಗ ಕುಡಿದಾಯ್ತಲ್ಲ. ಬಹಳ ಚೆನ್ನಾಗಿತ್ತು ಅಂತ ನೀವೇ ಹೇಳಿದ್ರಿ."