ಬೆಳಕಿನ ಹೊಟ್ಟೆಯೊಳಗಿನ ಹೂರಣ

—ನಕ್ಷತ್ರ ಕಾಣಲಿಲ್ಲ, ಊಟ ಇಲ್ಲ. ಮುಗೀತು.

—ಮೋಡ ಕವಿದಿದೆ ಅಮ್ಮಾ, ಎಲ್ಲಿಂದ ಕಾಣ್ಬೇಕು? ಮೋಡದ ಹಿಂದೆ ಇದ್ದೇ ಇರುತ್ತೆ. ಬಡಿಸಿ, ಬೆಳಗ್ಗಿಂದ ಉಪವಾಸ.

—ನೀನು ಕಂಡ್ಯಾ?

—ಇಲ್ಲ.

—ಮತ್ತೆ ಬಾಯ್ಮುಚ್ಕೊಂಡು ಕೂತ್ಕೋ.

ಜೆನೋನ್ ನಮ್ಮ ಮನೆಯಲ್ಲಿ ಬಾಡಿಗೆಗಿರುವವನು. ಕ್ರಾಕೋವ್‌ನಲ್ಲಿ ಬೆಳಕಿನ ಬಗ್ಗೆಯೇ ಓದಿ ಮೇಷ್ಟ್ರಾದವನು. ನಮ್ಮಲ್ಲಿ ಕ್ರಿಸ್‌ಮಸ್ ಹಿಂದಿನ ಸಂಜೆ ಮೊದಲ ನಕ್ಷತ್ರ ಕಂಡ ಮೇಲೆಯೇ ಊಟ. ಕಂಡು ಕೂಗುವುದು ನನ್ನ ಗಂಡ ಲುದ್ವಿಕ್‌ನ ಕೆಲಸ. ಅವನು ಈ ಬೇಸಿಗೆಯಲ್ಲಿ ಸತ್ತ. ಅವನಿಲ್ಲದ ಮೇಜಿಗೆ ಕೂರಲು ನನಗೆ ಮನಸ್ಸಿರಲಿಲ್ಲ. ಮೋಡ ಬಂದದ್ದು ಒಳ್ಳೆಯದೇ ಆಯಿತು.

—ಕಾಣದ್ದೆಲ್ಲ ಇಲ್ಲ ಅಂತಲ್ಲಮ್ಮಾ. ಬೆಳಕಿನ ಕಣದೊಳಗೆ ಏನಿದೆ ಅಂತ ಯಾರು ಕಂಡಿದ್ದಾರೆ? ಆದ್ರೂ ನಮಗೆ ಗೊತ್ತು.

—ಬೆಳಕಿಗೆ ಒಳಗು ಬೇರೆ ಇದ್ಯಾ?

ಅವನು ಅಣಬೆ ತುಂಬಿದ ಕಡುಬು, ಪಿಯೆರೋಗಿಯೊಂದನ್ನು ಎತ್ತಿಕೊಂಡ. ಕೈಗೆ ಹೊಡೆದೆ. ಇಟ್ಟ.

—ತಿನ್ನಲ್ಲ, ತೋರಿಸ್ತೀನಿ. ಬೆಳಕು ಚೂರು ಚೂರಾಗಿ ಬರುತ್ತೆ. ಒಂದು ಚೂರು ಇದು ಅಂದ್ಕೊಳ್ಳಿ. ಸಾಮಾನ್ಯವಾಗಿ ಬರೀ ಹಿಟ್ಟು, ಒಳಗೇನಿಲ್ಲ.

—ನನ್ನ ಪಿಯೆರೋಗಿಯೊಳಗೆ ಏನಿಲ್ವಾ?

—ನಿಮ್ಮದಲ್ಲಮ್ಮಾ, ಬೆಳಕಿಂದು! ಆಗಾಗ, ರೆಪ್ಪೆ ಬಡಿಯೋಕೆ ಮೊದಲೇ, ಒಳಗೊಂದು ಜೋಡಿ ಕಣ ಹುಟ್ಟುತ್ತೆ. ಒಂದಕ್ಕೊಂದು ತದ್ವಿರುದ್ಧ. ಹುಟ್ಟಿದ್ದೇ ಕೂಡ್ಕೊಂಡು ಮಾಯ. ಮತ್ತೆ ಬರೀ ಹಿಟ್ಟು.

—ಒಂದ್ಸಲ ಹೂರಣ ಇರುತ್ತೆ, ಒಂದ್ಸಲ ಇರಲ್ಲ. ಇಂಥದ್ದನ್ನ ಅಂಗಡೀಲಿಟ್ರೆ ಜನ ಕಲ್ಲು ಹೊಡೀತಾರೆ.

—ನಾವು ಮಾಡೋದೂ ಅದೇ! ಇನ್ನೊಂದು ಕಣ ತಗೊಂಡು ಜೋರಾಗಿ ಹೊಡೀತೀವಿ. ಜೋಡಿ ಇದ್ದ ಹೊತ್ತಿಗೆ ಸರಿಯಾಗಿ ಬಿದ್ರೆ ಒಳಗಿದ್ದದ್ದು ಹೊರಗೆ ಹಾರುತ್ತೆ. ಅದನ್ನ ನೋಡಿ, ಹೂರಣ ಇತ್ತು ಅಂತೀವಿ.

—ಇದಕ್ಕೆ ಸರಕಾರ ಸಂಬಳ ಕೊಡುತ್ತಾ?

—ಕೊಡುತ್ತೆ.

—ಆ ಜೋಡಿ ಜಗಳ ಆಡುತ್ತಾ?

—ಅಷ್ಟು ಹೊತ್ತೆಲ್ಲಿದೆ ಅಮ್ಮಾ ಅವಕ್ಕೆ?

—ಪಾಪ.

ಅವನ ಹೊಟ್ಟೆ ಹಸಿವಿಗೆ ಗೊರಗೊರ ಎಂದಿತು. ಎದ್ದು ಕಿಟಕಿಗೆ ಹೋದ.

—ಅಮ್ಮಾ! ಬಂತು! ನಕ್ಷತ್ರ!

—ಎಲ್ಲಿ?

—ಅಗೋ ಅಲ್ಲಿ, ಮೋಡದ ಕೆಳಗೆ.

—ಮೋಡದ ಕೆಳಗೆ ನಕ್ಷತ್ರವಾ? ಅದೂ ಕೆಂಪಗೆ?

—ಕೆಲವು ಕೆಂಪಗಿರ್ತವಮ್ಮಾ. ಓದಿದ್ದೀನಿ.

—ಅದು ಕಾರ್ಖಾನೆ ಚಿಮಣಿ ಮೇಲಿನ ದೀಪ ಕಣೋ.

ಅವನು ತಲೆ ತಗ್ಗಿಸಿದ. ನಾನು ಬೀಟ್‌ರೂಟ್ ಸಾರಿನ ಮುಚ್ಚಳ ತೆಗೆದೆ.

—ಕೂತ್ಕೋ. ಮೋಡ ಇದ್ದ ವರ್ಷವೆಲ್ಲ ಲುದ್ವಿಕ್ ತೋರಿಸ್ತಿದ್ದದ್ದೂ ಅದನ್ನೇ.