ರೊಟ್ಟಿ ಸಂಘದ ತಲೆಚಿತ್ರ

"ವೆಬ್‌ಸೈಟ್ ಮಾಡಾಕ ಹೊರಗಿನವ್ರು ಯಾಕ ಬೇಕು? ನಾ ಸತ್ತೀನೇನು?" ಎಂದು ಶಹಾಪುರದ ಗುಮಾಸ್ತ ಮರಿಲಿಂಗಪ್ಪ ಎದೆ ತಟ್ಟಿಕೊಂಡಾಗ, ಹೆಂಡತಿ ದೇವಕಮ್ಮ ರೊಟ್ಟಿ ತಟ್ಟುತ್ತಿದ್ದಳು. ಅವಳು ಮಹಿಳಾ ರೊಟ್ಟಿ ಸಂಘದ ಅಧ್ಯಕ್ಷೆ. ಸುರಪುರ, ಯಾದಗಿರಿಯ ಖಾನಾವಳಿಗಳು ಮೊಬೈಲಿನಲ್ಲೇ ನೋಡಿ ಆರ್ಡರ್ ಕೊಡಬೇಕೆಂಬುದು ಅವಳ ಆಸೆ.

ಮರಿಲಿಂಗಪ್ಪ ಸಂಘದ ಹೆಂಗಸರನ್ನೆಲ್ಲ ಕಾಲುವೆಯ ಏರಿ ಮೇಲೆ ಸಾಲಾಗಿ ನಿಲ್ಲಿಸಿದ. ಮೊಬೈಲಿಗೆ ಟೈಮರ್ ಇಟ್ಟು, ಓಡಿಬಂದು ನಟ್ಟನಡುವೆ ತಾನೂ ನಿಂತ. ಮನೆಯ ಲ್ಯಾಪ್‌ಟಾಪಿನಲ್ಲಿ, ವೆಬ್‌ಸೈಟಿನ ನೆತ್ತಿಯ ಮೇಲೆ, ಆ ಚಿತ್ರ ಕಾಲುವೆಯಷ್ಟೇ ಉದ್ದಕ್ಕೆ ಹರಡಿಕೊಂಡಿತು. ಆಹಾ! ಸಾಕ್ಷಾತ್ ದರ್ಬಾರು!

ಸಂಜೆ ದೇವಕಮ್ಮ ಅದನ್ನು ತನ್ನ ಮೊಬೈಲಿನಲ್ಲಿ ತೆರೆದಳು. ಸಣ್ಣ ಪರದೆ ಎಡಬಲವನ್ನೆಲ್ಲ ಕತ್ತರಿಸಿ ಎಸೆದಿತ್ತು. 'ಮಹಿಳಾ ರೊಟ್ಟಿ ಸಂಘ' ಎಂಬ ಹೆಸರಿನ ಕೆಳಗೆ ಉಳಿದವನು ಮರಿಲಿಂಗಪ್ಪ ಒಬ್ಬನೇ, ಮೀಸೆ ಸಮೇತ!

"ನಾವೆಲ್ಲಾ ಎಲ್ಲಿ ಹೋದ್ವಿರಿ? ಕಾಲುವಿಗಿ ಬಿದ್ವೇನು?"

"ನನ್ನ ತಪ್ಪೇನು? ನಿನ್ನ ಮೊಬೈಲೇ ಸಣ್ಣದು!"

ಬಿಸಿಲಲ್ಲಿ ಬೆಂದು ತೆಗೆದ ಫೋಟೋಕ್ಕೆ ಇದೇ ಏನು ಬಹುಮಾನ? ರೊಚ್ಚಿಗೆದ್ದ ಮರಿಲಿಂಗಪ್ಪ ಚಿತ್ರದ ಎರಡೂ ಬದಿ ಅದುಮಿ, ಎಲ್ಲರನ್ನೂ ಮೊಬೈಲಿನೊಳಗೆ ತುರುಕಿದ. ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಲಾಲಮ್ಮ, ಸಂಘದ ಸದಸ್ಯೆ, ಬಾಗಿಲಲ್ಲೇ ಗುಡುಗಿದಳು:

"ಏನ್ರಿ ಅಣ್ಣಾರ, ನಮ್ಮನ್ನ ಜ್ವಾಳದ ದಂಟು ಮಾಡೀರಲ್ಲ! ರೊಟ್ಟಿ ಮಾರೋ ಹೆಣ್ಮಕ್ಕಳೇ ಉಪಾಸ ಅದಾರಂತ ಮಂದಿ ನಗಾಕತ್ತಾರ!"

ಸರಿ, ಅದುಮಿದ್ದನ್ನು ಲ್ಯಾಪ್‌ಟಾಪಿನಲ್ಲಿ ಮತ್ತೆ ಎಳೆದು ಅಗಲಿಸಿದ. ಅಗಲವೇನೋ ಹೊಂದಿತು, ಆದರೆ ಜೊತೆಗೆ ಎತ್ತರವೂ ಬೆಳೆದು ಮೇಲ್ಭಾಗ ಪರದೆಯಾಚೆ ಹೋಯಿತು. ಸಂಘಕ್ಕೆ ಸಂಘವೇ ರುಂಡವಿಲ್ಲದೆ ನಿಂತಿತು!

"ಅಯ್ಯೋ, ನನ್ನ ತಲಿ!" ಎಂದಳು ಲಾಲಮ್ಮ.

"ನನ್ನ ತಲಿ ಯಾವಾಗೋ ಹೋಗ್ಯದ! ಫುಕಟ್ ದುಡಿಯಾಕತ್ತೇನಿ, ಮ್ಯಾಲ ಬೈಗುಳ ಬ್ಯಾರೆ! ಒಂದು ಫೋಟೋ ಸಾಲಲಿಲ್ಲಂದ್ರ, ಸಣ್ಣ ಪರದಿಗೊಂದು, ದೊಡ್ಡ ಪರದಿಗೊಂದು ನೀವೇ ಹೊಡಕೋರಿ!" ಎಂದು ಮರಿಲಿಂಗಪ್ಪ ಲ್ಯಾಪ್‌ಟಾಪನ್ನು ತೆರೆದಂತೆಯೇ ಬಿಟ್ಟು, ಕಚೇರಿಗೆ ದಬದಬ ನಡೆದ.

ಸಿಟ್ಟಿನ ಮಾತನ್ನು ಸಂಘದವರು ಸಲಹೆಯೆಂದೇ ತೆಗೆದುಕೊಂಡರು! ಅವನು ಮರಳುವಷ್ಟರಲ್ಲಿ ಲ್ಯಾಪ್‌ಟಾಪಿಗೊಂದು ಅಡ್ಡ ಚಿತ್ರ: ಸಾಲಾಗಿ ಕೂತು ರೊಟ್ಟಿ ಬಡಿಯುವ ಹೆಂಗಸರು. ಮೊಬೈಲಿಗೊಂದು ಉದ್ದ ಚಿತ್ರ: ರೊಟ್ಟಿಯ ಗೋಪುರ, ಪಕ್ಕದಲ್ಲಿ ದೇವಕಮ್ಮ. ಯಾದಗಿರಿಯಿಂದ ಮೊದಲ ಆರ್ಡರೂ ಬಂದಾಗಿತ್ತು.

ಮರಿಲಿಂಗಪ್ಪ ಎರಡನ್ನೂ ಹಿಗ್ಗಿಸಿ, ಕುಗ್ಗಿಸಿ, ಮೂಲೆಮೂಲೆ ಹುಡುಕಿದ.

"ಎಲ್ಲಾ ಖರೇ. ಇದರಾಗ ನಾನೆಲ್ಲಿ?"

"ಎರಡರಾಗೂ ಇಟ್ಟು ನೋಡಿದ್ವಿರಿ," ಎಂದಳು ದೇವಕಮ್ಮ, ಬಹಳ ಮರುಕದಿಂದ. "ಯಾವ ಸೈಜಿಗೂ ನೀವು ಹೊಂದಲಿಲ್ಲ!"