ಅಜ್ಜಿಯ ಕರಿ ರಾಗಿ ಮತ್ತು ಬೀಜ ಕಚೇರಿಯ ಜೀಪು

ನಮ್ಮ ಕಡೆ ಹಳೇ ರಾಗಿ ತಳಿಗಳನ್ನು ಮುಗಿಸಿದ್ದು ಮಳೆಯಲ್ಲ, ರೋಗವಲ್ಲ. ತಳಿ ಉಳಿಸುತ್ತೇವೆ ಅಂತ ಜೀಪಿನಲ್ಲಿ ಬಂದವರು. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ತಳಿ ವಿಷಯ ಕಲಿತದ್ದು ಹೊಲದ ಬದುವಿನ ಮೇಲೆ, ಕಚೇರಿ ಬೆಂಚಿನ ಮೇಲೆ ಕಾದು ಕೂತು. ಚಿಕ್ಕಬಳ್ಳಾಪುರ ಹೊಸದಾಗಿ ಜಿಲ್ಲೆಯಾದ ಆ ವರ್ಷಗಳಲ್ಲಿ ಇಂಥದ್ದು ನಡೆಯದ ತಿಂಗಳಿರಲಿಲ್ಲ. ಮೊದಲು ನಗು ಬರುತ್ತಿತ್ತು, ಆಮೇಲೆ ಹೊಟ್ಟೆ ಉರಿಯುತ್ತಿತ್ತು.

ಗೋಧಿ ಪಾಠ

ಚಿಂತಾಮಣಿಯಲ್ಲಿ ರೈತರ ತರಬೇತಿ. ಬೀಜ ಕಚೇರಿಯ ಸಾಹೇಬರು ಮೇಲಿನಿಂದ ಬಂದ ಕಾಗದವನ್ನು ಒಂದು ಗಂಟೆ ಓದಿದರು. ಹಳೇ ಗೋಧಿ ತಳಿಗಳಲ್ಲಿ ರೋಗ ತಡೆಯುವ ಗುಣ ಇರುತ್ತದಂತೆ. ಅವನ್ನು ಹೊಸ ತಳಿಯ ಜೊತೆ ಕ್ರಾಸ್ ಮಾಡಿದರೆ ಗಟ್ಟಿ ಬೆಳೆ ಸಿಗುತ್ತದಂತೆ. ಎಲ್ಲರೂ ಒಂದೇ ತಳಿ ಬಿತ್ತಿದರೆ, ರೋಗ ಬಂದ ದಿನ ಎಲ್ಲರದೂ ಒಟ್ಟಿಗೆ ಹೋಗುತ್ತದಂತೆ. ಒಂದು ಮಾತೂ ಸುಳ್ಳಲ್ಲ.

"ನಿಮ್ಮೂರಲ್ಲಿ ಯಾವ ಯಾವ ಗೋಧಿ ಇದೆ, ಹೇಳಿ" ಅಂದರು.

ಕೈವಾರದ ಕಡೆಯ ರೈತನೊಬ್ಬ ಎದ್ದು ನಿಂತ. "ಒಂದೇ ಸಾರ್. ರೇಷನ್ ಅಂಗಡೀದು."

ಒಳ್ಳೇದೇ ಕೊಟ್ವಿ

ನಾನು ಅಲ್ಲೇ ಕೂಗಾಡಿದೆ: "ಗೋಧಿ ಬಿಡಿ ಸ್ವಾಮಿ, ರಾಗಿಗೂ ಅದೇ ನ್ಯಾಯ ತಾನೇ? ಬೆಂಕಿರೋಗ ತಡೆಯೋ ಹಳೇ ರಾಗಿ ಹುಡುಕಿ!" ಸಾಹೇಬರು ಶಿಡ್ಲಘಟ್ಟದಿಂದ ಗೌರಿಬಿದನೂರಿನವರೆಗೆ ಸುತ್ತಿ, ಊರಿಗೊಂದು ಚೀಲ ತಂದು ಸಾಲಾಗಿ ಇಟ್ಟರು. ಬಿಚ್ಚಿ ನೋಡಿದರೆ ಎಲ್ಲದರಲ್ಲೂ ಒಂದೇ ರಾಗಿ. ಹಿಂದಿನ ವರ್ಷ ಅದೇ ಕಚೇರಿ ಹಂಚಿದ್ದ ರಾಗಿ!

ಕೊಟ್ಟವರಲ್ಲಿ ಒಬ್ಬರನ್ನು ಹಿಡಿದು ಕೇಳಿದೆ. "ಏನಣ್ಣ, ಹಳೇದು ಕೇಳಿದ್ರೆ ಕಚೇರಿ ರಾಗೀನೇ ಕೊಟ್ಟಿದ್ದೀಯಲ್ಲ?"

"ಜೀಪಲ್ಲಿ ಬಂದೋರಿಗೆ ಮೂಲೇಲಿರೋ ಹಳೇ ರಾಗಿ ಕೊಟ್ರೆ ನಮ್ಮ ಮರ್ಯಾದೆ ಏನಾಗ್ಬೇಕಪ್ಪ? ಇರೋದ್ರಲ್ಲಿ ಒಳ್ಳೇದೇ ಕೊಟ್ವಿ."

ಸಾಹೇಬರು ವರದಿ ಬರೆದರು: ಎಲ್ಲ ಊರುಗಳ ರಾಗಿಯೂ ಸಮಾನ ಗುಣಮಟ್ಟದ್ದು.

ಬೆರಕೆ

ತೊಂಡೇಬಾವಿ ಕಡೆ ಒಬ್ಬ ಅಜ್ಜಿ ತಮ್ಮ ಹೊಲದಲ್ಲಿ ಕಚೇರಿಯ ಬೀಜದ ಮಾದರಿ ತಾಕು ಮಾಡಿದ್ದರು. ಬೀಜ ಸಾಲದೆ ಒಂದು ಮೂಲೆಗೆ ತಮ್ಮ ಅತ್ತೆಯ ಕಾಲದ ಕರಿ ರಾಗಿ ಬಿತ್ತಿದ್ದರು. ಸಾಹೇಬರು ನೋಡಿ, "ಇದು ಬೆರಕೆ, ಕಿತ್ತುಹಾಕಮ್ಮ" ಅಂತ ಅಬ್ಬರಿಸಿ ಹೋದರು.

ತೆನೆ ಬರುವ ಹೊತ್ತಿಗೆ ಬೆಂಕಿರೋಗ ಬಿತ್ತು. ತಾಕೆಲ್ಲ ಸೀದು ಹೋಯಿತು, ಒಂದು ಮೂಲೆ ಮಾತ್ರ ಹಸಿರು. ಸಾಹೇಬರು ಓಡಿ ಬಂದು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. "ನೋಡಿದ್ರಾ ನಮ್ಮ ತಳಿ!"

ಅಜ್ಜಿ ಮೆಲ್ಲಗೆ ಅಂದರು: "ಅದು ನೀವು ಕಿತ್ತುಹಾಕು ಅಂದಿದ್ದು ಸ್ವಾಮಿ. ಸೊಂಟ ನೋವು ಅಂತ ಬಿಟ್ಟಿದ್ದೆ."

ವಿಜ್ಞಾನಿಯ ಊಟ

ಅಕ್ಕಪಕ್ಕದ ಊರೆಲ್ಲ ಹುಡುಕಿದೆ. ಆ ಕರಿ ರಾಗಿ ಇನ್ನೊಂದು ಮನೆಯಲ್ಲೂ ಸಿಗಲಿಲ್ಲ. ಕ್ರಾಸ್ ಮಾಡಲು ಬೀಜ ಒಯ್ಯುತ್ತೇನೆಂದು ಬೆಂಗಳೂರಿನ ತಳಿ ವಿಜ್ಞಾನಿಯೊಬ್ಬರು ಒಪ್ಪಿದರು. ಸಾಹೇಬರು ಅಜ್ಜಿಯ ಮನೆಯಿಂದ ಮೂರು ಸೇರಿನ ಚೀಲ ತಂದು ಕಚೇರಿಯ ಬೀರುವಿನಲ್ಲಿ ಇಟ್ಟುಕೊಂಡರು.

ವಿಜ್ಞಾನಿ ಬಂದ ದಿನ ನಾನು ಕಚೇರಿಗೆ ಹೋದರೆ ಬೀರುವಿನಲ್ಲಿ ಚೀಲವೇ ಇಲ್ಲ! ಒಂದೊಂದೇ ಕೋಣೆ ಹುಡುಕುತ್ತಾ ಹಿತ್ತಲಿಗೆ ಬಂದೆ. ಅಡುಗೆಯವನು ಖಾಲಿ ಚೀಲ ಕೊಡವುತ್ತಿದ್ದ.

"ಇದರಲ್ಲಿದ್ದ ರಾಗಿ ಎಲ್ಲೋ?"

"ನಿನ್ನೆ ಮಿಲ್ಲಿಗೆ ಹಾಕಿಸಿದೆ ಅಣ್ಣ. ಬೆಂಗಳೂರಿನೋರಿಗೆ ಕಚೇರಿ ರಾಗಿ ಮುದ್ದೆ ಬೇಡ, ರುಚಿ ಇರಲ್ಲ, ನಾಟಿ ರಾಗೀದೇ ಮಾಡು ಅಂದ್ರು ಸಾಹೇಬ್ರು. ನಾಟಿ ರಾಗಿ ಇನ್ನೆಲ್ಲಿತ್ತು?"

ಒಳಗೆ ವಿಜ್ಞಾನಿ ಎರಡನೇ ಮುದ್ದೆ ಮುರಿಯುತ್ತಾ ಕೇಳುತ್ತಿದ್ದರು: "ಇಂಥ ರಾಗಿ ನಾನು ತಿಂದೇ ಇಲ್ಲ. ಇದರ ಬೀಜ ಸಿಗುತ್ತಾ?"

ಸಿಕ್ಕ ಬಸ್ ಹತ್ತಿ ಅಜ್ಜಿಯ ಮನೆಗೆ ಓಡಿದೆ. ಸುದ್ದಿ ಕೇಳಿ ಅವರು ನಕ್ಕು ನಕ್ಕು ಕೆಮ್ಮಿದರು. "ಬಿತ್ತೋ ಬೀಜ ಯಾರಾದ್ರೂ ಪೂರ್ತಿ ಕೊಡ್ತಾರೇನಪ್ಪ? ಮಡಕೇಲಿ ಇನ್ನೂ ಅರ್ಧ ಸೇರು ಐತೆ."

ಒಂದು ತಳಿಗೆ ಉಳಿದಿರುವುದು ಅಷ್ಟೇ: ಒಂದು ಮಡಕೆ. ನಿಮ್ಮ ಮನೆಯ ಮಡಕೆಗಳನ್ನೂ ಇವತ್ತೇ ಇಳಿಸಿ ನೋಡಿ. ಹಳೇ ರಾಗಿ ಒಂದು ಹಿಡಿ ಸಿಕ್ಕರೂ ಈ ಮಳೆಗೆ ಎರಡು ಸಾಲು ಬಿತ್ತಿ, ಪಕ್ಕದ ಮನೆಗೂ ಹಂಚಿ. ಜೀಪು ಬಂದು ಕೇಳಿದರೆ ಅರ್ಧ ಮಾತ್ರ ಕೊಡಿ. ಜೊತೆಗೆ ಅವರ ಮುದ್ದೆಗೆ ಬೇರೆ ರಾಗಿ ಕಟ್ಟಿ ಕಳಿಸಿ.